ದನಿಯಿಂದ ಕೃತಿಗೆ: ಊರಿನ ಹಂಬಲವನ್ನು ಡೇಟಾ ಮತ್ತು ಕೃತಕ ಬುದ್ಧಿಮತ್ತೆಯಿಂದ ರೂಪಿಸುವ ಬಗೆ

ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸುವುದು ಈಗ ಯಾರಿಗೂ ಕಷ್ಟದ ಕೆಲಸವಾಗಿ ಉಳಿದಿಲ್ಲ. ಆದರೆ ಆ ಚಿತ್ರದಲ್ಲಿ ಒಬ್ಬ ಮನುಷ್ಯನ ಹಂಬಲವೋ ಸಂಕಟವೋ ನೋಡುವವರಿಗೆ ತಾಗುವಂತೆ ಮಾಡುವುದು ಇಂದಿಗೂ ಕಷ್ಟವೇ, ಮತ್ತು ಅದಕ್ಕೆ ಬೇಕಾದ ಶ್ರಮದ ಬಹುಪಾಲು ಕಂಪ್ಯೂಟರಿನ ಹೊರಗೇ ನಡೆಯುತ್ತದೆ. ಚಿತ್ರಕಲೆ, ನಾಟಕ, ಛಾಯಾಗ್ರಹಣ, ಯಕ್ಷಗಾನ, ಯಾವ ಹಿನ್ನೆಲೆಯಿಂದಲೇ ಬಂದಿರಲಿ, ಒಂದು ಸಾಧಾರಣ ಲ್ಯಾಪ್‌ಟಾಪ್ ಇಟ್ಟುಕೊಂಡು ಇಂಥ ಕೃತಿಯೊಂದನ್ನು ಕಟ್ಟಬೇಕೆನ್ನುವ ಮುಂಬಯಿಯ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳುತ್ತೇನೆ. ಹದಿಹರೆಯದಲ್ಲಿ ಕರಾವಳಿಯಿಂದ ಹೊರಟು ಬಂದು, ಮಾಟುಂಗ, ಫೋರ್ಟ್, ಕುರ್ಲಾ ಕಡೆಯ ಹೋಟೆಲು, ಕ್ಯಾಂಟೀನು, ಗಿರಣಿಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಈಗ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಮಕ್ಕಳ ಜೊತೆಗಿರುವ ಹಿರಿಯರ ಊರಿನ ಹಂಬಲ ನಮ್ಮ ವಿಷಯ. ಹತ್ತು ಹನ್ನೆರಡು ಮಂದಿಯ ದನಿ, ಅವರ ಬಳಿ ಉಳಿದಿರುವ ಕಾಗದಪತ್ರ ಮತ್ತು ವಸ್ತುಗಳು ನಮ್ಮ ಡೇಟಾ. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಹತ್ತು ನಿಮಿಷ ಮೂಡುವ, ದನಿಯ ಜೊತೆ ಚಲಿಸುವ ಚಿತ್ರ ನಮ್ಮ ಕೃತಿ.

ಯಂತ್ರದ ಕೈಗೆ ಸಿಗುವುದು ಯಾವುದು

ಯಾವ ಸಾಧನವನ್ನು ತೆರೆಯುವುದಕ್ಕೂ ಮುಂಚೆ ಈ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಭರತನ ನಾಟ್ಯಶಾಸ್ತ್ರವು ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಸಂಯೋಗದಿಂದ ರಸ ಹುಟ್ಟುತ್ತದೆ ಎನ್ನುತ್ತದೆ. ವಿಭಾವವೆಂದರೆ ಭಾವಕ್ಕೆ ಕಾರಣವಾದ ಸಂದರ್ಭ, ವ್ಯಕ್ತಿ, ವಸ್ತು. ಅನುಭಾವವೆಂದರೆ ಅದು ಮೈಯಲ್ಲಿ, ಮಾತಿನಲ್ಲಿ ತೋರುವ ಹೊರಚಿಹ್ನೆ. ವ್ಯಭಿಚಾರಿ ಅಥವಾ ಸಂಚಾರಿ ಭಾವವೆಂದರೆ ನಡುನಡುವೆ ಬಂದುಹೋಗುವ ಭಾವ. ಅದೇ ಗ್ರಂಥ ಹೇಳುವ ಎಂಟು ಸಾತ್ತ್ವಿಕ ಭಾವಗಳನ್ನು, ಅಂದರೆ ಸ್ತಂಭ (ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಬದಲಾಗುವುದು), ವೇಪಥು (ನಡುಕ), ವೈವರ್ಣ್ಯ (ಬಣ್ಣಗೆಡುವುದು), ಅಶ್ರು (ಕಣ್ಣೀರು), ಪ್ರಲಯ (ಪ್ರಜ್ಞೆ ತಪ್ಪುವುದು) ಇವನ್ನು ಇಂದಿನ ಸೆನ್ಸರುಗಳ ಪಕ್ಕದಲ್ಲಿಟ್ಟು ನೋಡಿದರೆ ಸೋಜಿಗವೆನಿಸುತ್ತದೆ. ಬೆರಳಿಗೆ ಕಟ್ಟುವ ಚರ್ಮವಾಹಕತೆಯ ಸೆನ್ಸರು ಅಳೆಯುವುದು ಸ್ವೇದವನ್ನು. ದನಿಯನ್ನು ವಿಶ್ಲೇಷಿಸುವ ತಂತ್ರಾಂಶ ಅಳೆಯುವುದು ಸ್ವರಭೇದವನ್ನು. ಮೊಬೈಲಿನೊಳಗಿನ ಚಲನಮಾಪಕ ಹಿಡಿಯುವುದು ವೇಪಥುವನ್ನು. ಮುಖದ ಬಣ್ಣದಲ್ಲಾಗುವ ಸೂಕ್ಷ್ಮ ಬದಲಾವಣೆಯಿಂದ ನಾಡಿಯನ್ನು ಲೆಕ್ಕ ಹಾಕುವ ಕ್ಯಾಮೆರಾ ಒಂದು ಬಗೆಯಲ್ಲಿ ವೈವರ್ಣ್ಯವನ್ನೇ ನೋಡುತ್ತಿರುತ್ತದೆ. ಇವೆಲ್ಲವೂ ಅನುಭಾವದ ಕಡೆಯವು. ವಿಭಾವಕ್ಕೆ ಸೆನ್ಸರಿಲ್ಲ. ಬೆವರು ಭಯದಿಂದ ಬಂದಿತೋ ನಾಚಿಕೆಯಿಂದ ಬಂದಿತೋ ಎಂಬುದು ಅಂಕಿಯಲ್ಲಿ ಕಾಣುವುದಿಲ್ಲ, ಮೇ ತಿಂಗಳ ಮುಂಬಯಿಯಲ್ಲಂತೂ ಅದಕ್ಕೆ ಎರಡೂ ಕಾರಣ ಬೇಕಾಗಿಲ್ಲ.

ಆದ್ದರಿಂದ ಯಂತ್ರಕ್ಕೆ ಅಳೆಯುವ ಮತ್ತು ರೂಪಾಂತರಿಸುವ ಕೆಲಸವನ್ನು ಕೊಡಬೇಕು, ಭಾವವನ್ನು ಹೆಸರಿಸುವ ಕೆಲಸವನ್ನು ಕೊಡಬಾರದು. ಸಂದರ್ಭವನ್ನು ಕಲಾವಿದರೇ ನಡೆದು, ಕೂತು, ಕೇಳಿ, ಡೇಟಾದ ಒಂದು ಭಾಗವಾಗಿ ಸಂಗ್ರಹಿಸಬೇಕು. ಮುಂದೆ ಹೇಳುವುದೆಲ್ಲ ಇದರ ವಿಸ್ತರಣೆಯೇ ಆಗಿದೆ. ಮುಖ ನೋಡಿ ಭಾವ ಹೇಳುತ್ತೇವೆನ್ನುವ ತಂತ್ರಾಂಶಗಳ ಬಗ್ಗೆ ವಿಜ್ಞಾನಿಗಳಿಗೂ ಅನುಮಾನವಿದೆ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಹೋದ್ಯೋಗಿಗಳು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಮುಖಚಹರೆಯಿಂದ ಭಾವವನ್ನು ನಂಬಲರ್ಹವಾಗಿ ಊಹಿಸಲಾಗದೆಂದು ಹೇಳಿತು; ಮೈಕ್ರೋಸಾಫ್ಟ್ 2022ರಲ್ಲಿ ತನ್ನ ಮುಖ ಗುರುತಿಸುವ ಸೇವೆಯಿಂದ ಭಾವ ಗುರುತಿಸುವ ಅಂಶವನ್ನು ಹಿಂತೆಗೆದುಕೊಂಡಿತು; ಯುರೋಪಿನ ಒಕ್ಕೂಟವು ಉದ್ಯೋಗಸ್ಥಳ ಮತ್ತು ಶಾಲೆಗಳಲ್ಲಿ ಅಂಥ ಸಾಧನಗಳ ಬಳಕೆಯನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟರೆ, 2025ರ ಫೆಬ್ರವರಿಯಿಂದ ನಿಷೇಧಿಸಿದೆ.

ಯಾರ ದಾರಿಯಲ್ಲಿ ನಡೆಯಬಹುದು

ಈ ಕ್ಷೇತ್ರದಲ್ಲಿ ಎಲ್ಲರೂ ಮೊದಲು ಹೆಸರಿಸುವ ಕಲಾವಿದ ಟರ್ಕಿ ಮೂಲದ ರೆಫಿಕ್ ಅನಾಡೋಲ್. ಅವರು 2018ರಲ್ಲಿ ಇಸ್ತಾಂಬುಲಿನಲ್ಲಿ ಮೆದುಳಿನ ವಿದ್ಯುತ್ ತರಂಗಗಳ ದಾಖಲೆಯಿಂದ ಅಲೆಯಲೆಯಾಗಿ ಹೊರಳುವ ಚಿತ್ರಗಳನ್ನು ಮಾಡಿ ತೋರಿಸಿದರು. 2022ರ ಕೊನೆಯಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ, ಅಲ್ಲಿನ ಸಂಗ್ರಹದ ಲಕ್ಷಕ್ಕೂ ಹೆಚ್ಚು ಕೃತಿಗಳ ಮಾಹಿತಿಯಿಂದ ತರಬೇತಾದ ಯಂತ್ರ ಬೃಹತ್ ಪರದೆಯ ಮೇಲೆ ಎಡೆಬಿಡದೆ ರೂಪ ಬದಲಿಸುವ ಕೃತಿಯನ್ನಿಟ್ಟರು. ಅವರ ಕೃತಿಗಳು ಅದ್ಭುತರಸದವು ಎಂಬುದು ನನ್ನ ಅಭಿಪ್ರಾಯ. ನೋಡುವವರು ಬೆರಗಾಗುತ್ತಾರೆ, ಆದರೆ ಯಾರ ಮೆದುಳು, ಯಾವ ನೆನಪು ಎಂದು ಕೇಳುವುದಿಲ್ಲ. ಹತ್ತು ಹಿರಿಯರ ಮಾತನ್ನು ಹಿಡಿಯಲು ಹೊರಟವರಿಗೆ ಆ ದಾರಿ ಒಗ್ಗುವುದಿಲ್ಲ. ಅದಕ್ಕೆ ಬೇಕಾದ ಹಣವೂ ನಮ್ಮಲ್ಲಿಲ್ಲ.

ನಮಗೆ ಒಗ್ಗುವ ಉದಾಹರಣೆಗಳು ಸಣ್ಣ ಡೇಟಾದವು. ಲಂಡನ್ನಿನ ಆನಾ ರಿಡ್ಲರ್ 2018ರ ತಮ್ಮ ಕೃತಿಗಾಗಿ ಹತ್ತು ಸಾವಿರ ಟುಲಿಪ್ ಹೂಗಳನ್ನು ತಾವೇ ಛಾಯಾಚಿತ್ರ ತೆಗೆದು, ಒಂದೊಂದಕ್ಕೂ ಕೈಬರಹದಲ್ಲಿ ವಿವರ ಬರೆದು, ಆ ಸಂಗ್ರಹವನ್ನೇ ಗೋಡೆಯ ಮೇಲೆ ಕೃತಿಯಾಗಿ ತೋರಿಸಿದರು. ಅಮೆರಿಕದ ಸ್ಟೆಫನಿ ಡಿಂಕಿನ್ಸ್ ತಮ್ಮ ಮನೆತನದ ಮೂರು ತಲೆಮಾರಿನ ಹೆಣ್ಣುಮಕ್ಕಳ ಮೌಖಿಕ ನೆನಪುಗಳಿಂದ ಮಾತಾಡುವ ಯಂತ್ರವೊಂದನ್ನು ಬೆಳೆಸಿದರು. ಡೇಟಾ ಚಿಕ್ಕದಾದ್ದರಿಂದ ಅದು ತಡವರಿಸುತ್ತದೆ, ಆ ತಡವರಿಕೆಯೂ ಕೃತಿಯ ಗುಣವೇ ಆಗಿದೆ. ಜಾರ್ಜಿಯಾ ಲುಪಿ ಮತ್ತು ಸ್ಟೆಫನಿ ಪೊಸಾವೆಕ್ ಒಂದು ವರ್ಷ ಕಾಲ ವಾರಕ್ಕೊಂದರಂತೆ ತಮ್ಮ ದಿನಚರಿಯ ಲೆಕ್ಕವನ್ನು ಅಂಚೆ ಕಾರ್ಡಿನ ಮೇಲೆ ಕೈಯಿಂದ ಬಿಡಿಸಿ ನ್ಯೂಯಾರ್ಕ್ ಮತ್ತು ಲಂಡನ್ನಿನ ನಡುವೆ ಕಳಿಸಿಕೊಂಡರು, ಅದರಲ್ಲಿ ಯಂತ್ರಕಲಿಕೆಯ ಸುಳಿವೂ ಇಲ್ಲ. ಈ ಮೂರನೆಯದನ್ನು ಮೊದಲು ಅಭ್ಯಾಸ ಮಾಡಿ. ಒಂದು ವಾರದಲ್ಲಿ ಊರಿನ ನೆನಪು ಎಷ್ಟು ಸಲ, ಎಲ್ಲಿ, ಯಾತರಿಂದ ಬಂತೆಂದು ಗುರುತಿಟ್ಟುಕೊಂಡು ಕಾರ್ಡಿನ ಮೇಲೆ ಬಿಡಿಸಿದರೆ, ಲೆಕ್ಕ ಯಾವಾಗ ಭಾವವಾಗುತ್ತದೆ, ಯಾವಾಗ ಬರೀ ಲೆಕ್ಕವಾಗಿ ಉಳಿಯುತ್ತದೆ ಎಂಬುದು ಕೈಗೇ ತಿಳಿಯುತ್ತದೆ.

ನಮ್ಮ ದೇಶದಲ್ಲಿ ಇದು ತೀರಾ ಹೊಸತೂ ಅಲ್ಲ. 2018ರಲ್ಲಿ ದೆಹಲಿಯ ನೇಚರ್ ಮೋರ್ಟ್ ಗ್ಯಾಲರಿ ಕೃತಕ ಬುದ್ಧಿಮತ್ತೆಯ ಕಲೆಗೇ ಮೀಸಲಾದ ಪ್ರದರ್ಶನ ನಡೆಸಿತು. ಅದನ್ನು ರೂಪಿಸಿದವರಲ್ಲಿ ಬೆಂಗಳೂರಿನ ಕಲಾವಿದ ರಾಘವ ಕೆ.ಕೆ. ಒಬ್ಬರು, ಅದರಲ್ಲಿ ಭಾಗವಹಿಸಿದವರಲ್ಲಿ ಹರ್ಷಿತ್ ಅಗರ್ವಾಲ್ ಒಬ್ಬರು.

ದನಿಯನ್ನು ಕೂಡಿಸುವುದು

ಮೊದಲು ಒಪ್ಪಿಗೆ. ಒಂದೇ ಸಹಿಯಲ್ಲಿ ಎಲ್ಲವನ್ನೂ ಮುಗಿಸಬೇಡಿ. ಧ್ವನಿಮುದ್ರಣಕ್ಕೆ ಒಂದು, ಆ ದನಿಯನ್ನು ಯಂತ್ರದ ತರಬೇತಿಗೆ ಬಳಸಲು ಇನ್ನೊಂದು, ಸಾರ್ವಜನಿಕವಾಗಿ ತೋರಿಸಲು ಮತ್ತೊಂದು, ಹೀಗೆ ಮೂರು ಬೇರೆ ಬೇರೆ ಒಪ್ಪಿಗೆಗಳನ್ನು ಸರಳ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಗುರುತಿಸಿದೆ. ಕಾಯ್ದೆ ಇರಲಿ ಇಲ್ಲದಿರಲಿ, ತರಬೇತಾದ ಮಾದರಿಯಿಂದ (ಡೇಟಾದಿಂದ ಕಲಿತ ತಂತ್ರಾಂಶದಿಂದ) ಒಬ್ಬರ ದನಿಯನ್ನಷ್ಟೇ ಕಿತ್ತು ತೆಗೆಯುವುದು ಬಹಳ ಕಷ್ಟವೆಂಬುದನ್ನು ಹಿರಿಯರಿಗೆ ಮುಂಚೆಯೇ ಹೇಳುವುದು ಮರ್ಯಾದೆ.

ಇನ್ನು ಮುದ್ರಣದ ವಿಚಾರ. ಮುಂಬಯಿಯ ಮನೆಗಳಲ್ಲಿ ಮೌನ ಸಿಗುವುದಿಲ್ಲ. ಲೋಕಲ್ ರೈಲು, ಕುಕ್ಕರಿನ ಸಿಳ್ಳೆ, ಪಕ್ಕದ ಮನೆಯ ಟಿವಿ ಇದ್ದೇ ಇರುತ್ತವೆ. ಹಾಸಿಗೆ, ಬಟ್ಟೆಯ ಕಪಾಟು ಇರುವ ಕೋಣೆಯನ್ನು ಆರಿಸಿಕೊಂಡರೆ ಗೋಡೆಯ ಪ್ರತಿಧ್ವನಿ ಕಡಿಮೆಯಾಗುತ್ತದೆ. ಮಾತು ನಡೆಯುವಷ್ಟು ಹೊತ್ತು ಫ್ಯಾನ್ ನಿಲ್ಲಿಸಬೇಕು, ಆದ್ದರಿಂದ ಹಿರಿಯರಿಗೆ ಸೆಕೆಯಾಗದ ಬೆಳಗಿನ ಹೊತ್ತು ಒಳ್ಳೆಯದು. ಇನ್ನೂ ಹೋಟೆಲಿನಲ್ಲೇ ದುಡಿಯುತ್ತಿರುವವರಾದರೆ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ಸಂಜೆಯ ಚಹಾದ ಗಿರಾಕಿ ಬರುವವರೆಗಿನ ಬಿಡುವಿನಲ್ಲಿ ಹೋಗಬೇಕು. ಒಂದು ಸಣ್ಣ ಕಾಲರ್ ಮೈಕನ್ನು ಬಾಯಿಯಿಂದ ಗೇಣು ದೂರಕ್ಕೆ ಸಿಕ್ಕಿಸಿ, ಕುಗ್ಗಿಸದ ವೇವ್ ಕಡತವಾಗಿ, ಸೆಕೆಂಡಿಗೆ 44,100 ಅಥವಾ 48,000 ಸ್ಯಾಂಪಲ್ಲುಗಳ ದರದಲ್ಲಿ ಮುದ್ರಿಸಿ. ವಾಟ್ಸಾಪಿನಲ್ಲಿ ಬಂದ ದನಿ ಸಂದೇಶಗಳು ವಿಪರೀತ ಕುಗ್ಗಿರುವುದರಿಂದ ಅಳತೆಗೆ ಅಷ್ಟಾಗಿ ಒದಗುವುದಿಲ್ಲ, ಆದರೆ ತೀರಿಹೋದವರ ದನಿ ಅಲ್ಲಿ ಮಾತ್ರ ಉಳಿದಿದ್ದರೆ ಬಿಡಬೇಡಿ. ಕೊನೆಗೆ ಎಲ್ಲರೂ ಸುಮ್ಮನಿದ್ದು ಕೋಣೆಯ ಸದ್ದನ್ನಷ್ಟೇ ಅರ್ಧ ನಿಮಿಷ ಮುದ್ರಿಸಿಟ್ಟುಕೊಳ್ಳಿ. ಗದ್ದಲವನ್ನು ಶುದ್ಧ ಮಾಡುವಾಗ ಅದು ಬೇಕಾಗುತ್ತದೆ.

ಕೇಳುವ ಪ್ರಶ್ನೆಯಲ್ಲೇ ಅರ್ಧ ಕೃತಿ ಇದೆ. "ಊರು ನೆನಪಾಗುತ್ತದೆಯೇ?" ಎಂದು ಕೇಳಿದರೆ "ಆಗದೆ ಇರುತ್ತದೆಯೇ ಮಾರಾಯ್ರೆ" ಎಂಬ ಒಂದು ಸಾಲು ಬಂದು ಮಾತು ಮುಗಿಯುತ್ತದೆ. ಬದಲಿಗೆ, "ಅಣ್ಣ, ನಿಮ್ಮ ಮನೆಯ ಬಾಗಿಲಿನಿಂದ ಬಸ್ಸು ನಿಲ್ಲುವ ಜಾಗದವರೆಗೆ ದಾರಿ ಹೇಳಿ", "ಅಕ್ಕ, ಊರಿಗೆ ಮೊದಲನೆಯ ಮನಿಯಾರ್ಡರ್ ಮಾಡಿದ್ದು ಯಾರ ಹೆಸರಿಗೆ?", "ಹೊರಟ ದಿನ ಪೆಟ್ಟಿಗೆಯಲ್ಲಿ ಏನೇನಿತ್ತು?" ಎಂದು ಕೇಳಿ. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅದಕ್ಕೂ ಮುಂಚೆ ಬಂದವರು ಬಸ್ಸಿನ ಇರುಳು, ಘಟ್ಟದ ತಿರುವು, ವಾಂತಿ, ಬೆಳಗಿನ ಮುಂಬಯಿಯ ಮೊದಲ ನೋಟ ಇವನ್ನೆಲ್ಲ ಹೇಳುವಾಗ ದನಿ ತಾನಾಗಿ ಏರಿಳಿಯುತ್ತದೆ. ದಾರಿ ಹೇಳುತ್ತಾ ಹೇಳುತ್ತಾ ಒಂದು ಮನೆಯ ಹತ್ತಿರ ಬಂದು ನಿಲ್ಲುವವರಿದ್ದಾರೆ. ಆಗ ಮಧ್ಯೆ ಬಾಯಿ ಹಾಕಬಾರದು.

ಮಾತು ಮುಗಿದ ಮೇಲೆ, ಅದೇ ದಿನವಲ್ಲದಿದ್ದರೆ ಅದೇ ವಾರದೊಳಗೆ, ವಿಭಾವದ ಹಾಳೆಯೊಂದನ್ನು ತುಂಬಿ. ಯಾರು ಮಾತಾಡಿದರು, ಕೋಣೆಯಲ್ಲಿ ಬೇರೆ ಯಾರಿದ್ದರು (ಸೊಸೆ ಇದ್ದಾಗಿನ ಮಾತೇ ಬೇರೆ, ಇಲ್ಲದಾಗಿನ ಮಾತೇ ಬೇರೆ), ಯಾವ ವಸ್ತುವನ್ನು ಕೈಯಲ್ಲಿ ಹಿಡಿದಿದ್ದರು, ಯಾವ ಮಾತಿಗೆ ಮೊದಲು ಎದ್ದು ನೀರು ಕುಡಿದರು ಎಂಬುದೆಲ್ಲ ಅಲ್ಲಿರಬೇಕು. ಎರಡನೆಯ ಭೇಟಿಯಲ್ಲಿ ಮುದ್ರಣವನ್ನು ಅವರಿಗೇ ಕೇಳಿಸಿ, ಇಂಥ ಕಡೆ ಹೇಗನಿಸಿತ್ತೆಂದು ವಿಚಾರಿಸಿ. "ಬೇಜಾರು", "ಹೊಟ್ಟೆಯೊಳಗೆ ಸಂಕಟ", "ಅಭಿಮಾನ", "ಮರ್ಯಾದೆ ಹೋದ ಹಾಗೆ" ಎಂದು ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಈ ಹಾಳೆಯಿಲ್ಲದೆ ಮುಂದಿನ ಹೆಜ್ಜೆಗೆ ಹೋಗುವುದರಲ್ಲಿ ಅರ್ಥವಿಲ್ಲ.

ಅಳೆಯುವುದು

ಮಾತನ್ನು ಬರಹಕ್ಕಿಳಿಸಲು ಓಪನ್‌ಎಐ 2022ರಲ್ಲಿ ಮುಕ್ತವಾಗಿ ಬಿಟ್ಟ ವಿಸ್ಪರ್ ಮಾದರಿಯಿದೆ, ಮದ್ರಾಸ್ ಐಐಟಿಯ ಎಐಫಾರ್‌ಭಾರತ್ ತಂಡದ ಭಾರತೀಯ ಭಾಷೆಗಳ ಮಾದರಿಗಳಿವೆ. ಇವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇಂಟರ್ನೆಟ್ ಇಲ್ಲದೆ ನಡೆಸಬಹುದು, ಹಾಗೆಯೇ ನಡೆಸಬೇಕು ಕೂಡ. ಹಿರಿಯರ ದನಿಯನ್ನು ಯಾವುದೋ ಕಂಪನಿಯ ಸರ್ವರಿಗೆ ಏರಿಸಲು ಅವರು ಒಪ್ಪಿಗೆ ಕೊಟ್ಟಿಲ್ಲ. ಬಂದ ಬರಹವನ್ನು ಸಾಲು ಸಾಲಾಗಿ ಕೇಳಿ ತಿದ್ದಲೇಬೇಕು. ಕುಂದಾಪ್ರ ಕನ್ನಡವನ್ನು ಯಂತ್ರ ಪುಸ್ತಕದ ಕನ್ನಡಕ್ಕೆ ಎಳೆಯುತ್ತದೆ, ಮೌನವಿದ್ದ ಕಡೆ ಕೆಲವೊಮ್ಮೆ ಇಲ್ಲದ ವಾಕ್ಯವನ್ನು ತಾನೇ ಹುಟ್ಟಿಸುತ್ತದೆ, ಮತ್ತು "ಅಂ...", "ಹಾಂ...", ಅರ್ಧಕ್ಕೆ ನಿಂತು ಮತ್ತೆ ಶುರುವಾದ ಮಾತು ಇವನ್ನು ಕಸವೆಂದು ಗುಡಿಸಿ ಹಾಕುತ್ತದೆ. ನಮಗೆ ಬೇಕಾದದ್ದು ಆ ಕಸವೇ. ಅವನ್ನೆಲ್ಲ ಕೈಯಿಂದ ಮರಳಿ ಸೇರಿಸಿ.

ಇನ್ನೊಂದು ವಿಷಯಕ್ಕೆ ವಿಶೇಷ ಗಮನ ಬೇಕು. ಮುಂಬಯಿ ಕನ್ನಡಿಗರಲ್ಲಿ ಬಹಳಷ್ಟು ಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಮೈಕಿನ ಮುಂದೆ ಕನ್ನಡದಲ್ಲಿ ಆರಂಭಿಸಿದವರು ಅಮ್ಮನ ವಿಷಯ ಬಂದ ಕೂಡಲೇ ತುಳುವಿಗೆ ಜಾರುತ್ತಾರೆ, ಮಾಲಿಕನ ಬೈಗುಳ ಬಂದಾಗ ಮುಂಬಯಿ ಹಿಂದಿಗೆ ಹೊರಳುತ್ತಾರೆ. ವಿಸ್ಪರಿಗೆ ತುಳು ಬಾರದು, ಅಲ್ಲಿ ಅದು ಏನನ್ನೋ ಬರೆದು ಮುಂದೆ ಹೋಗುತ್ತದೆ. ಈ ಭಾಷೆ ಬದಲಾಗುವ ಕ್ಷಣಗಳನ್ನು ಕಾಲಸಮೇತ ಪಟ್ಟಿ ಮಾಡಿ. ದನಿಯ ಏರಿಳಿತದ ಯಾವ ಅಂಕಿಗಿಂತಲೂ ಇದು ಬೆಲೆಬಾಳುವ ಡೇಟಾ ಎಂದು ನಾನು ತಿಳಿದಿದ್ದೇನೆ, ಇದನ್ನು ಹಿಡಿಯಲು ಆ ಭಾಷೆಗಳು ಬಲ್ಲ ಕಿವಿಯೇ ಬೇಕು. ಗೋವೆಯ ವಾಸ್ಕೋದಲ್ಲಿ ಗದಗ, ವಿಜಯಪುರ ಕಡೆಯವರ ದನಿಯನ್ನು ಕೂಡಿಸುವವರಿಗೆ, ಪುಣೆಯಲ್ಲಿ ಕಲಬುರಗಿಯ ಕಟ್ಟಡ ಕಾರ್ಮಿಕರ ನಡುವೆ ಕೆಲಸ ಮಾಡುವವರಿಗೆ ಬೇರೆ ಬೇರೆ ಜೋಡಿ ಭಾಷೆಗಳು ಎದುರಾಗುತ್ತವೆ, ಕ್ರಮ ಮಾತ್ರ ಇದೇ.

ಸ್ವರವನ್ನು, ಅಂದರೆ ದನಿಯ ಏರಿಳಿತವನ್ನು, ಅಳೆಯಲು ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಾಟ್ ಎಂಬ ಉಚಿತ ತಂತ್ರಾಂಶ ಸಾಕು. ಗಂಡುದನಿಗೆ 75ರಿಂದ 300 ಹರ್ಟ್ಸ್, ಹೆಣ್ಣುದನಿಗೆ 100ರಿಂದ 500 ಹರ್ಟ್ಸ್ ಮಿತಿಯನ್ನು ಕೊಟ್ಟರೆ ಸ್ವರದ ಗೆರೆ ಸರಿಯಾಗಿ ಬರುತ್ತದೆ. ಮೌನಗಳನ್ನು ಗುರುತಿಸುವ ಆಜ್ಞೆಯೂ ಅದರಲ್ಲಿದೆ. ಅದರ ಮೂಲ ಹೊಂದಿಕೆಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದ ಬಿಡುವೂ ಮೌನವೆನಿಸಿಕೊಳ್ಳುತ್ತದೆ, ಅಷ್ಟು ಚಿಕ್ಕದು ಉಸಿರಿನ ಲೆಕ್ಕಕ್ಕೂ ಬರುವುದಿಲ್ಲ. ಅರ್ಧ ಸೆಕೆಂಡಿಗೆ ಏರಿಸಿಕೊಳ್ಳಿ. ಪ್ರತಿ ವಾಕ್ಯಕ್ಕೂ ಆರಂಭದ ಕಾಲ, ಅವಧಿ, ಸ್ವರದ ಮಟ್ಟ, ಜೋರು, ಅದಕ್ಕೆ ಹಿಂದಿನ ಮೌನ ಇವನ್ನು ಒಂದು ಕೋಷ್ಟಕದಲ್ಲಿ ಬರೆಸಿ, ಅದೇ ಸಾಲಿನಲ್ಲಿ ವಿಭಾವದ ಹಾಳೆಯ ವಿವರವನ್ನೂ ಅವರದೇ ಮಾತಿನ ಭಾವವನ್ನೂ ಸೇರಿಸಿ. ಸ್ವರವನ್ನು ಹರ್ಟ್ಸಿನಲ್ಲೇ ಬಿಡಬಾರದು. ಆಯಾ ವ್ಯಕ್ತಿಯ ಸಹಜ ಮಟ್ಟದಿಂದ ಎಷ್ಟು ಸ್ವರಸ್ಥಾನ ಮೇಲೆ ಅಥವಾ ಕೆಳಗೆ ಎಂದು ಪರಿವರ್ತಿಸಬೇಕು. ಇಲ್ಲವಾದರೆ ಹೆಂಗಸರೆಲ್ಲ ಉದ್ವೇಗದಲ್ಲಿದ್ದಾರೆ, ಗಂಡಸರೆಲ್ಲ ಶಾಂತರಾಗಿದ್ದಾರೆ ಎಂದು ನಿಮ್ಮ ಕೃತಿ ಹೇಳತೊಡಗುತ್ತದೆ.

ಬರಹವನ್ನು ಓದಿ ಭಾವ ಹೇಳುವ ಸಿದ್ಧ ಮಾದರಿಗಳನ್ನು ಇಲ್ಲಿ ಬಳಸದಿರುವುದೇ ಲೇಸು. ಗೂಗಲ್ ತಂಡ 2020ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಂಗ್ರಹವೊಂದರಲ್ಲಿ ರೆಡ್ಡಿಟ್ ಜಾಲತಾಣದ 58,000 ಇಂಗ್ಲಿಷ್ ಟಿಪ್ಪಣಿಗಳಿಗೆ 27 ಭಾವಗಳ ಹೆಸರು ಹಚ್ಚಲಾಗಿದೆ. ಅದರಿಂದ ಕಲಿತ ಯಂತ್ರ "ನಮ್ಮದೇನು, ನಡೀತದೆ" ಎಂಬ ಮಾತಿನ ಹಿಂದಿನ ನಲವತ್ತು ವರ್ಷವನ್ನು ಹೇಗೆ ಓದೀತು? ಹೆಸರುಗಳೇ ಬೇಕೆಂದಾದರೆ ನಾಟ್ಯಶಾಸ್ತ್ರದ 33 ಸಂಚಾರಿ ಭಾವಗಳಲ್ಲಿ ಸ್ಮೃತಿ, ಔತ್ಸುಕ್ಯ (ಹಂಬಲ), ದೈನ್ಯ, ಗರ್ವ, ವ್ರೀಡೆ (ನಾಚಿಕೆ), ನಿರ್ವೇದ (ವಿರಕ್ತಿ) ಇವು ಊರು ಬಿಟ್ಟವರ ಮಾತಿಗೆ ಬಹಳ ಹತ್ತಿರದವು. ಅವನ್ನೂ ನೀವೇ, ಮಾತಾಡಿದವರನ್ನು ಕೇಳಿಯೇ ಹಚ್ಚಬೇಕು.

ಅಳತೆಯಿಂದ ರೂಪಕ್ಕೆ

ಯಾವ ಅಂಕಿ ಯಾವ ರೂಪವಾಗಬೇಕೆಂದು ನಿರ್ಧರಿಸುವುದೇ ಇಲ್ಲಿನ ಕಲೆ. ಇದನ್ನು ಯಂತ್ರದ ಕೈಗೆ ಕೊಡಬೇಡಿ, ಕಾಗದದ ಮೇಲೆ ಪೆನ್ಸಿಲಿನಿಂದ ಮಾಡಿ. ಸ್ವರದ ಏರಿಳಿತ ಗೆರೆಯ ಎತ್ತರವಾಗಬಹುದು, ಜೋರು ಗೆರೆಯ ದಪ್ಪವಾಗಬಹುದು. ಮೌನವನ್ನು ಏನು ಮಾಡುತ್ತೀರಿ ಎಂಬುದರ ಮೇಲೆ ಕೃತಿಯ ಏಳುಬೀಳು ನಿಂತಿದೆ. ಮೌನದಲ್ಲಿ ಪರದೆ ಕಪ್ಪಾಗುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಹಾಗಾಗಿಯೇ ಸಪ್ಪೆ. ಮೌನ ಬಂದಾಗ ಚಿತ್ರ ಇದ್ದಲ್ಲೇ ನಿಂತು, ಅದರೊಳಗಿನ ವಿವರ ನಿಧಾನವಾಗಿ ಸ್ಪಷ್ಟವಾಗುತ್ತಾ ಹೋಗುವಂತೆ ಮಾಡಿದರೆ, ಮಾತಾಡುವಾಗ ಮಸುಕಾಗಿದ್ದದ್ದು ಸುಮ್ಮನಾದಾಗ ಕಾಣುತ್ತದೆ. ಭಾಷೆ ಬದಲಾಗುವ ಕ್ಷಣಕ್ಕೆ ಒಂದೇ ಒಂದು ನಿಶ್ಚಿತ ಬದಲಾವಣೆಯನ್ನು ಇಟ್ಟುಕೊಳ್ಳಿ, ಅದನ್ನು ಬೇರೆ ಯಾವುದಕ್ಕೂ ಬಳಸಬೇಡಿ.

ಬಣ್ಣದ ವಿಷಯದಲ್ಲಿ ಕೋಪಕ್ಕೆ ಕೆಂಪು, ದುಃಖಕ್ಕೆ ನೀಲಿ ಎಂಬ ಇಂಗ್ಲಿಷಿನ ರೂಢಿಯನ್ನು ಚಿತ್ರ ಹುಟ್ಟಿಸುವ ಯಂತ್ರಗಳು ಅರಗಿಸಿಕೊಂಡಿವೆ, ನಾವೂ ಅರಿವಿಲ್ಲದೆ ಅದನ್ನೇ ಹಿಂಬಾಲಿಸುತ್ತೇವೆ. ನಾಟ್ಯಶಾಸ್ತ್ರದ ಲೆಕ್ಕದಲ್ಲಿ ರೌದ್ರ ಕೆಂಪೇ ಆದರೂ ನೀಲಿ ಬೀಭತ್ಸದ್ದು, ಹಳದಿ ಅದ್ಭುತದ್ದು, ಹಾಸ್ಯ ಬಿಳಿ, ಭಯಾನಕ ಕಪ್ಪು. ಕರುಣಕ್ಕೆ ಹೇಳಿರುವುದು ಕಪೋತವರ್ಣ, ಅಂದರೆ ಪಾರಿವಾಳದ ಬೂದು. ಮುಂಬಯಿಯಲ್ಲಿ ಕಿಟಕಿ ತೆರೆದರೆ ಆ ಬಣ್ಣವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ಊರಿನಿಂದ ಇಲ್ಲಿಗೆ ಬರುವ ಯಕ್ಷಗಾನ ಮೇಳಗಳ ವೇಷಗಳನ್ನು ಬಣ್ಣದ ದೃಷ್ಟಿಯಿಂದಲೇ ಒಮ್ಮೆ ನೋಡಿ ಬಂದರೂ ಬಹಳ ಕಲಿಯಬಹುದು.

ಚಿತ್ರಕ್ಕೆ ಬೇಕಾದ ಸಾಮಗ್ರಿ ಹಿರಿಯರ ಮನೆಯಲ್ಲೇ ಇರುತ್ತದೆ. ಇನ್‌ಲ್ಯಾಂಡ್ ಪತ್ರ, ಮನಿಯಾರ್ಡರ್ ರಸೀತಿ, ರಾತ್ರಿಶಾಲೆಯ ಸರ್ಟಿಫಿಕೇಟು, ತಗಡಿನ ಪೆಟ್ಟಿಗೆ, ಹಳೆಯ ಪಾಸ್‌ಬುಕ್ಕು, ಊರಮನೆಯ ಫೋಟೊ, ಇವನ್ನು ಇಂಚಿಗೆ 300 ಚುಕ್ಕಿಯ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ, ಕಲೆಯನ್ನೂ ಮಡಿಕೆಯನ್ನೂ ಒರೆಸಬೇಡಿ. ಸ್ಟೇಬಲ್ ಡಿಫ್ಯೂಷನ್‌ನಂಥ ಚಿತ್ರ ಹುಟ್ಟಿಸುವ ಮುಕ್ತ ಮಾದರಿಗೆ ಇಂಥ ಇಪ್ಪತ್ತರಿಂದ ನಲವತ್ತು ಚಿತ್ರಗಳನ್ನು ಕೊಟ್ಟು, ಲೋರಾ ಎಂಬ ವಿಧಾನದಲ್ಲಿ ಸಣ್ಣ ಹೆಚ್ಚುವರಿ ತರಬೇತಿ ಕೊಡಬಹುದು. ಶಕ್ತಿಯುತ ಗ್ರಾಫಿಕ್ ಕಾರ್ಡ್ ಇಲ್ಲದವರು ಗೂಗಲಿನ ಕಂಪ್ಯೂಟರುಗಳಲ್ಲಿ ಕೋಡ್ ನಡೆಸುವ ಗೂಗಲ್ ಕೊಲ್ಯಾಬ್ ಸೇವೆಯನ್ನು ಬಳಸುತ್ತಾರೆ. ಆಗ ಪತ್ರಗಳ ಮೇಲಿನ ಹೆಸರು ವಿಳಾಸಗಳನ್ನು ಮೊದಲೇ ಮುಚ್ಚಿರಬೇಕು, ಮತ್ತು ಸ್ಕ್ಯಾನುಗಳು ಹಾಗೆ ಹೊರಗಿನ ಸರ್ವರಿಗೆ ಹೋಗುತ್ತವೆ ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು. ತರಬೇತಾದ ಮಾದರಿಯೊಳಗೆ ಪ್ರತಿ ಚಿತ್ರವೂ ಅಂಕಿಗಳ ಒಂದು ಸಾಲಾಗಿರುತ್ತದೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಮೆಲ್ಲನೆ ಸರಿದರೆ ನಡುವಿನ, ಎಲ್ಲೂ ಇಲ್ಲದ ಚಿತ್ರಗಳು ಹುಟ್ಟುತ್ತವೆ. ಪತ್ರದ ಮಡಿಕೆ ಗದ್ದೆಯ ಬದುವಾಗುವುದು, ಪೆಟ್ಟಿಗೆಯ ತುಕ್ಕು ಹೆಂಚಿನ ಮಾಡಾಗುವುದು ಹೀಗೆಯೇ. ಈ ಸರಿಯುವಿಕೆಯ ವೇಗವನ್ನು ದನಿಯ ಕೋಷ್ಟಕಕ್ಕೆ ಕಟ್ಟಿಹಾಕುವುದು ನಮ್ಮ ಕೃತಿಯ ಒಳಗುಟ್ಟು. ದನಿಯನ್ನೂ ಚಿತ್ರವನ್ನೂ ಜೋಡಿಸುವ ತಂತ್ರಾಂಶಗಳಾದ ಪಿ5 ಜೆಎಸ್ ಅಥವಾ ಟಚ್‌ಡಿಸೈನರ್ ಬಳಸಬಹುದು. ಎರಡನೆಯದರ ಉಚಿತ ಆವೃತ್ತಿಯಲ್ಲಿ ಚಿತ್ರದ ಗಾತ್ರ 1280 ಪಿಕ್ಸೆಲ್‌ಗಳನ್ನು ಮೀರುವಂತಿಲ್ಲ, ಸಭಾಂಗಣದ ಗೋಡೆಗೆ ಅದೇ ಸಾಕು. ಕೋಡ್ ಬರೆಯಲು ಬಾರದವರು ಆ ಭಾಗಕ್ಕೆ ಚಾಟ್‌ಬಾಟ್‌ನ ನೆರವು ಪಡೆಯುವುದರಲ್ಲಿ ತಪ್ಪೇನಿಲ್ಲ.

ಎರಡು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಿ. ಮನುಷ್ಯರ ಮುಖವನ್ನು ಯಂತ್ರದಿಂದ ಹುಟ್ಟಿಸಬೇಡಿ. ದುಃಖದ ಅಜ್ಜಿ ಎಂದು ಕೇಳಿದರೆ ಸುಕ್ಕು, ಕಣ್ಣೀರು, ಕಿಟಕಿಯ ಬೆಳಕು ಇರುವ ಅದೇ ಮುಖ ಮತ್ತೆ ಮತ್ತೆ ಬರುತ್ತದೆ, ಅದು ಯಾರ ಅಜ್ಜಿಯೂ ಅಲ್ಲ. ಹಾಗೆಯೇ ಹಿರಿಯರ ದನಿಯನ್ನು ನಕಲಿಸಿ ಅವರು ಆಡದ ಮಾತನ್ನು ಆಡಿಸಬೇಡಿ, ಅದು ಎಷ್ಟೇ ಸುಂದರವಾಗಿ ಕೇಳಿಸಿದರೂ ಸರಿ.

ಪರೀಕ್ಷೆ ಮತ್ತು ಪ್ರದರ್ಶನ

ಕೃತಿ ಒಂದು ಹದಕ್ಕೆ ಬಂದ ಮೇಲೆ ದನಿಗಳನ್ನು ಅದಲುಬದಲು ಮಾಡಿ ನೋಡಿ. ಒಬ್ಬರ ಮಾತಿಗೆ ಇನ್ನೊಬ್ಬರ ಕೋಷ್ಟಕವನ್ನು ಜೋಡಿಸಿದಾಗಲೂ ಚಿತ್ರ ಅಷ್ಟೇ ಚೆನ್ನಾಗಿ ಹೊಂದಿದರೆ, ನಿಮ್ಮ ಡೇಟಾ ಏನನ್ನೂ ಹೇಳುತ್ತಿಲ್ಲ, ಸುಮ್ಮನೆ ಅಲಂಕಾರವಾಗಿ ಕೂತಿದೆ ಎಂದರ್ಥ; ಪೆನ್ಸಿಲಿನ ಹಂತಕ್ಕೆ ಹಿಂತಿರುಗಬೇಕು. ಆಮೇಲೆ ಯಂತ್ರದ ಚಿತ್ರಗಳನ್ನು ತೆಗೆದು, ಸ್ಕ್ಯಾನ್ ಮಾಡಿದ ವಸ್ತುಗಳನ್ನಷ್ಟೇ ದನಿಯೊಂದಿಗೆ ಓಡಿಸಿ. ಅದೇ ಹೆಚ್ಚು ತಾಗುತ್ತದೆ ಎನಿಸಿದರೆ ಯಂತ್ರವನ್ನು ಬಿಟ್ಟುಬಿಡುವ ಧೈರ್ಯ ಮಾಡಿ, ಯಾರೂ ನಿಮ್ಮನ್ನು ದೂರುವುದಿಲ್ಲ. ಎಲ್ಲಕ್ಕಿಂತ ಮೊದಲ ಪ್ರೇಕ್ಷಕರು ಮಾತಾಡಿದವರೇ ಆಗಿರಬೇಕು. "ಇದು ನಾನು ಹೇಳಿದ್ದಲ್ಲ" ಎಂದು ಅವರು ಹೇಳಿದ ಭಾಗವನ್ನು ವಾದಿಸದೆ ತೆಗೆಯಿರಿ.

ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಜಾಗ ಸಿಗಲು ವರ್ಷಗಟ್ಟಲೆ ಸರದಿ ಕಾಯಬೇಕಾಗುತ್ತದೆ. ಕಾಲಾ ಘೋಡಾ ಉತ್ಸವ ಮತ್ತು ಪಣಜಿಯಲ್ಲಿ ಡಿಸೆಂಬರಿನಲ್ಲಿ ನಡೆಯುವ ಸೆರೆಂಡಿಪಿಟಿ ಕಲಾ ಉತ್ಸವವನ್ನು ಮುಂದಿನ ಹಂತಕ್ಕೆ ಇಟ್ಟುಕೊಳ್ಳಬಹುದು. ಮೊದಲ ಪ್ರದರ್ಶನಕ್ಕೆ ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ ಅಥವಾ ನಿಮ್ಮ ಉಪನಗರದ ಕನ್ನಡ ಸಂಘವೇ ಸರಿಯಾದ ಜಾಗ, ಏಕೆಂದರೆ ಆ ದನಿಗಳನ್ನು ಗುರುತಿಸುವ ಕಿವಿಗಳು ಅಲ್ಲಿರುತ್ತವೆ. ರಾಜ್ಯೋತ್ಸವದ ದಿನ ಮಾತ್ರ ಬೇಡ. ಭಾಷಣ, ಸನ್ಮಾನ, ಊಟದ ನಡುವೆ ಇಂಥ ಕೃತಿ ಕೇಳಿಸುವುದೇ ಇಲ್ಲ. ಅದರ ಹಿಂದಿನ ಅಥವಾ ಮುಂದಿನ ಭಾನುವಾರವನ್ನು ಕೇಳಿಕೊಳ್ಳಿ. ಸಂಘದ ಸಭಾಂಗಣಗಳಲ್ಲಿ ಪೂರ್ತಿ ಕತ್ತಲೆ ಮಾಡುವುದು ಕಷ್ಟ, ಆದ್ದರಿಂದ ಪ್ರೊಜೆಕ್ಟರಿನ ಬೆಳಕು 3000 ಲ್ಯೂಮೆನ್‌ಗೆ ಕಡಿಮೆಯಿರಬಾರದು. ಹಿರಿಯರು ಬರುತ್ತಾರಾದ್ದರಿಂದ ಬೆನ್ನು ಆನಿಸುವ ಕುರ್ಚಿಗಳಿರಲಿ, ಸದ್ದು ದೊಡ್ಡ ಸ್ಪೀಕರಿನಿಂದ ಬರುವ ಬದಲು ಕುರ್ಚಿಯ ಹತ್ತಿರದ ಸಣ್ಣ ಸ್ಪೀಕರುಗಳಿಂದ ಬರಲಿ. ಪಕ್ಕದ ಫಲಕದಲ್ಲಿ ಕನ್ನಡ ಮತ್ತು ಮರಾಠಿ ಎರಡರಲ್ಲೂ ಯಾವ ಮಾದರಿ ಬಳಸಿದ್ದೀರಿ, ಯಾವ ಚಿತ್ರ ಯಂತ್ರದ್ದು, ಯಾವುದು ಮೂಲದ್ದು, ಯಾವುದನ್ನು ಯಂತ್ರಕ್ಕೆ ಕೊಡಲಿಲ್ಲ ಎಂದು ಬರೆಯಿರಿ. ಭಾವದ ಹೆಸರನ್ನು ಬರೆಯಬೇಡಿ.

ಪ್ರದರ್ಶನ ಮುಗಿದ ಮೇಲಿನ ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. ಕತ್ತರಿಸದ ಪೂರ್ತಿ ಧ್ವನಿಮುದ್ರಣದ ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಆಯಾ ಮನೆಗೆ ಕೊಡಬೇಕು. ಮೂಲ ಕಡತ, ಕೋಷ್ಟಕ, ವಿಭಾವದ ಹಾಳೆ, ಒಪ್ಪಿಗೆ ಪತ್ರಗಳನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿ ಎರಡು ಬೇರೆ ಮನೆಗಳಲ್ಲಿ ಇಟ್ಟು, ಕೊಲ್ಯಾಬ್ ಮತ್ತು ಗೂಗಲ್ ಡ್ರೈವಿನಲ್ಲಿ ಉಳಿದದ್ದನ್ನೆಲ್ಲ ಅಳಿಸಬೇಕು. ಮುಂದೆ ಪುಣೆಯದೋ ಗೋವೆಯದೋ ಸಂಘ ಅದೇ ಕೃತಿಯನ್ನು ಕೇಳಿದರೆ ಹೊಸದಾಗಿ ಒಪ್ಪಿಗೆ ಪಡೆಯಬೇಕು. ಮಾತಾಡಿದವರು ಅಷ್ಟರಲ್ಲಿ ತೀರಿಕೊಂಡಿದ್ದರೆ ಅವರೇ ಹೆಸರಿಸಿದ ಮನೆಯವರನ್ನು ಕೇಳಬೇಕಾಗುತ್ತದೆ, ಆದ್ದರಿಂದ ಆ ಹೆಸರಿಗೆಂದು ಒಂದು ಸಾಲನ್ನು ಒಪ್ಪಿಗೆ ಪತ್ರದಲ್ಲಿ ಮೊದಲೇ ಬಿಟ್ಟಿರಿ.